ಮೊನ್ಸೆಫ್‌ನ ಮೆಟ್ಟಿಲು

ನನ್ನ ಗಂಡ ಮೊನ್ಸೆಫ್ ಮೆಟ್ಟಿಲು ಮಾಡುವವನು. ಹೀಗೆ ಹೇಳಿದರೆ ತೂನಿಸ್‌ನ ನಮ್ಮ ಲಫಾಯೆತ್ ಬೀದಿಯಲ್ಲಿ ಯಾರಿಗಾದರೂ ಸಿಮೆಂಟು, ಮರಳು ನೆನಪಾಗುತ್ತವೆ. ಅವನ ತಾಯಿ ಜನ್ನಾತ್, ಅಂದರೆ ನನ್ನ ಅತ್ತೆಗೂ ಹಾಗೇ ಆಗಿತ್ತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಮಗನನ್ನು ಕೂರಿಸಿಕೊಂಡು ಕೇಳಿದ್ದರು.

"ಕಂಪ್ಯೂಟರ್ ಆಫೀಸು ಅಂದೆ. ಅಲ್ಲಿ ಏನು ಮಾಡ್ತೀಯೋ?"

"ಆಟ ಮಾಡ್ತೀವಮ್ಮ. ಕತೆ ಇರೋ ಆಟ. ಅದರಲ್ಲಿ ನಾನು ಮೆಟ್ಟಿಲು ಮಾಡ್ತೀನಿ."

"ಮತ್ತೆ ಮನೆಗಳನ್ನ ಯಾರು ಮಾಡ್ತಾರೆ?"

"ಬೇರೆಯವರು."

"ಇಷ್ಟು ಓದಿಸಿದ್ದಕ್ಕೆ ನಿಂಗೆ ಒಂದು ಅಡುಗೆಮನೆನಾದ್ರೂ ಕೊಡಬಾರದಿತ್ತಾ ಅವರು?"

ಆಟ ಇಷ್ಟೇ. ಒಂದು ಹುಡುಗಿ ತನ್ನ ಸತ್ತ ಅಜ್ಜಿಯ ಹಳೇ ಕಟ್ಟಡಕ್ಕೆ ಬರುತ್ತಾಳೆ. ಒಂದೊಂದು ಮಹಡಿಯಲ್ಲೂ ಒಂದೊಂದು ಮನೆಯ ಬಾಗಿಲು ತಟ್ಟಿ, ಅಜ್ಜಿ ಪ್ರಾಯದಲ್ಲಿ ಹೇಗಿದ್ದಳು ಎಂದು ಕೇಳುತ್ತಾಳೆ. ಬಂದೂಕಿಲ್ಲ, ಭೂತವಿಲ್ಲ, ಟೀ ಮಾತ್ರ ಇದೆ. ಕತೆಯೆಲ್ಲ ಮನೆಗಳ ಒಳಗೆ ನಡೆಯುತ್ತದೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರಕ್ಕೆ ಮುಂದಿನ ಮನೆಯನ್ನು ಸಿದ್ಧಮಾಡಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಆಡುವವರು ಬೇಸತ್ತು ಎದ್ದುಹೋಗದಂತೆ ನಡೆಸುತ್ತಿರಲು ಮೆಟ್ಟಿಲು ಬೇಕು. ಏನೂ ನಡೆಯದ ಆ ಜಾಗವೇ ನನ್ನ ಗಂಡನ ಪಾಲಿಗೆ ಬಂದದ್ದು.

ಆ ಕೆಲಸಕ್ಕೆ ಅವನಿಗಿಂತ ಯೋಗ್ಯ ಈ ಊರಲ್ಲಿ ಸಿಗಲಾರ ಎಂದು ನಾನು ಬರೆದುಕೊಡಬಲ್ಲೆ. ಅತ್ತೆಗೆ ಅವನ ಹೆರಿಗೆ ನೋವು ಶುರುವಾದದ್ದೇ ಮೆಟ್ಟಿಲಲ್ಲಿ, ಕೆಳಗಿನ ಮಹಡಿಯ ಗೆಳತಿಯನ್ನು ಬೀಳ್ಕೊಡುವಾಗ. ಹೇಳುತ್ತಿದ್ದ ಮಾತು ಮುಗಿಸಿಕೊಂಡೇ ಅವರು ಆಸ್ಪತ್ರೆಗೆ ಹೊರಟರಂತೆ. ಅವನು ಹುಟ್ಟಿ ಬೆಳೆದ, ಈಗಲೂ ನಾವಿರುವ ಈ ಕಟ್ಟಡದ ಮೆಟ್ಟಿಲ ದೀಪ ಜಿಪುಣ ಜಾತಿಯದು. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿದು ತನ್ನಷ್ಟಕ್ಕೆ ಆರಿಬಿಡುತ್ತದೆ. ತಾಯಿ ಬಾಗಿಲಲ್ಲಿ ನಿಂತು ನೆಂಟರಿಗೆ ವಿದಾಯ ಹೇಳುತ್ತಿದ್ದಷ್ಟು ಹೊತ್ತೂ ಆ ಗುಂಡಿ ಒತ್ತುತ್ತಿರುವುದು ಮೊನ್ಸೆಫ್‌ನ ಬಾಲ್ಯದ ಉದ್ಯೋಗ. ಎಟುಕದ ವಯಸ್ಸಿನಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದನಂತೆ.

ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯ ನಡುಕೋಣೆಯಲ್ಲಿ ಅವನು ಬಾಯಿಯನ್ನೇ ಬಿಡಲಿಲ್ಲ. ನಮ್ಮಮ್ಮ ಹುಡುಗ ಮೂಗನಿರಬೇಕು ಎಂದುಕೊಂಡಿದ್ದರು. ಎಲ್ಲರೂ ಎದ್ದು ಹೊರಟು, ಬಾಗಿಲಲ್ಲಿ ದೊಡ್ಡವರ ಮಾತು ಮತ್ತೆ ಮೊದಲಿನಿಂದ ಶುರುವಾಗಿ, ಅಲ್ಲಿಯ ಮೆಟ್ಟಿಲ ದೀಪವೂ ಆರಿದಾಗ ಕತ್ತಲಲ್ಲಿ ನನ್ನ ಪಕ್ಕದಿಂದ ಒಂದು ದನಿ ಕೇಳಿಸಿತು.

"ವಿದಾದ್, ನಿಂಗೆ ಒಪ್ಪಿಗೆನಾ?"

"ಮೊದಲು ದೀಪ ಹಾಕಿ," ಎಂದೆ.

ಮದುವೆಯಾದ ಮೇಲೆ ಈ ಮೆಟ್ಟಿಲ ಹುಚ್ಚಿನ ಕಷ್ಟ ತಿಳಿಯಿತು. ಕಸದ ಚೀಲ ಹಿಡಿದು ಕೆಳಗೆ ಹೋದವನು ಮಧ್ಯದ ಮಹಡಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತು, ಅದೇ ಚೀಲ ಹಿಡಿದುಕೊಂಡು ವಾಪಸು ಬರುತ್ತಾನೆ. ಮಗಳು ಸಿರೀನ್ ಹುಟ್ಟಿದ ಮೇಲೆ ಅದಕ್ಕೊಂದು ಉಪಯೋಗವನ್ನೂ ಕಂಡುಕೊಂಡಿದ್ದೇನೆ. ಅವಳು ಅಳತೊಡಗಿದರೆ ಅವನ ಕೈಗೆ ಕೊಟ್ಟು ಬಾಗಿಲ ಹೊರಗೆ ಬಿಡುತ್ತೇನೆ. ಇಬ್ಬರೂ ದೀಪ ಹಾಕುತ್ತಾ ಆರುವುದನ್ನು ಕಾಯುತ್ತಾ ಸುಖವಾಗಿರುತ್ತಾರೆ. ನಾನು ಅಷ್ಟರಲ್ಲಿ ತಲೆ ತೊಳೆದುಕೊಳ್ಳುತ್ತೇನೆ.

ಈ ವಸಂತದಲ್ಲಿ ಒಂದು ಸಂಜೆ ಅವನು ಆಫೀಸಿನಿಂದ ನೇರವಾಗಿ ಮನೆಯೊಳಗೆ ಬಂದುಬಿಟ್ಟ. ಹೊಸಿಲಲ್ಲಿ ನಿಲ್ಲಲಿಲ್ಲ, ಎದುರು ಮನೆಯವರ ಮಂಡಿನೋವು ವಿಚಾರಿಸಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಆಗಲೇ ತಿಳಿಯಿತು.

"ಮೆಟ್ಟಿಲು ತೆಗೀತಾರಂತೆ," ಎಂದ. "ಹೊಸ ಯಂತ್ರಗಳು ಜೋರು. ಕಣ್ಣು ಮಿಟುಕಿಸೋದ್ರೊಳಗೆ ಮುಂದಿನ ಮನೆ ರೆಡಿ. ಆಡೋರನ್ನ ಸುಮ್ಮನೆ ಯಾಕೆ ಹತ್ತಿಸಬೇಕು ಅಂತಾನೆ ಸೊಫಿಯಾನ್."

ಸೊಫಿಯಾನ್ ಅವರ ಆಫೀಸಿನ ಯಜಮಾನ. ಸಭ್ಯ ಹುಡುಗ, ಆದರೆ ಯಾವಾಗಲೂ ಬಸ್ಸು ತಪ್ಪಿಹೋಗುತ್ತಿರುವವನ ಹಾಗೆ ಮಾತಾಡುತ್ತಾನೆ.

"ನಿಂಗೆ ಮತ್ತೆ ಯಾವ ಕೆಲಸ?"

"ಪಾತ್ರೆ ಪಡಗ. ಮನೆಗಳೊಳಗೆ ಇಡೋಕೆ."

"ನಿಮ್ಮಮ್ಮ ಖುಷಿಪಡ್ತಾರೆ ಬಿಡು. ಕೊನೆಗೂ ಅಡುಗೆಮನೆ ಸಿಕ್ತು."

ಅವನು ನಗಲಿಲ್ಲ. ಮೂರು ವರ್ಷ ಆ ಮೆಟ್ಟಿಲುಗಳ ಸವೆದ ಅಂಚು, ಪಕ್ಕದ ಕಂಬಿಯ ಬಣ್ಣ ಎದ್ದ ಜಾಗ, ಯಾರದೋ ಮನೆಯ ಹುರಿದ ಮೆಣಸಿನಕಾಯಿಯ ಹೊಗೆ ಇವನ್ನೆಲ್ಲ ಮಗುವಿನ ಹಾಗೆ ಬೆಳೆಸಿದವನು. ನಾನು ತಟ್ಟೆಗೆ ಇನ್ನಷ್ಟು ಕೂಸ್‌ಕೂಸ್ ಹಾಕಿದೆ. ನನಗೆ ಹೊಳೆಯುವ ಸಮಾಧಾನ ಯಾವಾಗಲೂ ಅದೇ.

ಕೊನೆಗೆ ಅವನೂ ಸೊಫಿಯಾನೂ ಒಂದು ಒಪ್ಪಂದಕ್ಕೆ ಬಂದರು. ಇಂಥ ಆಟ ಎಂದೂ ಆಡದವರನ್ನು ಕರೆಸಿ, ಮೆಟ್ಟಿಲಿಲ್ಲದ ಆಟ ಆಡಿಸುವುದು. ಯಾರಾದರೂ ಏನೋ ಕಮ್ಮಿಯಾಗಿದೆ ಎಂದರೆ ಮೆಟ್ಟಿಲು ಉಳಿಯಬೇಕು, ಇಲ್ಲವಾದರೆ ಹೋಗಬೇಕು. ಯಾರಿಗೂ ಮೊದಲೇ ಏನನ್ನೂ ಹೇಳಿಕೊಡುವ ಹಾಗಿಲ್ಲ. ಒಬ್ಬ ಕ್ಷೌರಿಕ ಬಂದು ಆಡಿ ಚೆನ್ನಾಗಿದೆ ಎಂದ. ಯಾರದೋ ಚಿಕ್ಕಮ್ಮ ಬಂದು ತುಂಬಾ ಚೆನ್ನಾಗಿದೆ ಎಂದಳು. ಮೆಟ್ಟಿಲಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಉಳಿದಿದ್ದವರು ನನ್ನ ಅತ್ತೆ ಒಬ್ಬರೇ.

"ಗಂಡುಹುಡುಗರ ಆಫೀಸಿಗೆ ನಾನೊಬ್ಬಳೇ ಬರಲ್ಲ," ಎಂದರು ಅತ್ತೆ. ಹಾಗಾಗಿ ನಾನೂ, ನನ್ನ ಸೊಂಟದ ಮೇಲೆ ಸಿರೀನಳೂ, ಖರ್ಜೂರ ತುಂಬಿದ ಮಕ್ರೂದ್ ಸಿಹಿಯ ಒಂದು ಡಬ್ಬವೂ ಹೊರಟೆವು. ಮೊನ್ಸೆಫ್ ದಾರಿಯುದ್ದಕ್ಕೂ ತುಟಿ ಹೊಲಿದುಕೊಂಡಿದ್ದ. ಕೊಟ್ಟ ಮಾತಿಗೆ ತಪ್ಪುವವನಲ್ಲ.

ಆಟದ ಗುಂಡಿಗಳ ಹಿಡಿಯನ್ನು ಅತ್ತೆ ಸುಡುಸುಡು ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದರು. ಪರದೆಯ ಹುಡುಗಿಯನ್ನು ಗೋಡೆಗೆ ಡಿಕ್ಕಿ ಹೊಡೆಸಿ, "ಅಯ್ಯೋ ನೋವಾಯ್ತಾ ಕಂದ" ಎಂದು ವಿಚಾರಿಸಿಕೊಂಡರು. ಆಮೇಲೆ ಹಿಡಿತ ಸಿಕ್ಕಿತು. ಮೊದಲ ಮನೆ ದೂಜಾ ಎಂಬ ಮುದುಕಿಯದು. ದೂಜಾ ಟೀ ಕೊಟ್ಟಳು, ಅಜ್ಜಿಯ ವಿಷಯ ಅರ್ಧ ಹೇಳಿದಳು, ಹುಡುಗಿ ಎದ್ದು ಹೊರಟಳು. ಬಾಗಿಲು ದಾಟಿದ್ದೇ ತಡ, ಹಿಂದೆ ಧಡ್ ಎಂದು ಮುಚ್ಚಿತು. ಹುಡುಗಿ ಆಗಲೇ ಮೇಲಿನ ಮಹಡಿಯ ದರ್ಜಿಯ ಮನೆಯೊಳಗಿದ್ದಳು.

ಅತ್ತೆಯ ಕೈ ನಿಂತುಹೋಯಿತು. "ಇದೇನಪ್ಪ?"

"ಮುಂದಿನ ಮನೆ, ಚಿಕ್ಕಮ್ಮ," ಎಂದ ಸೊಫಿಯಾನ್.

"ದೂಜಾ ಎಲ್ಲಿ?"

"ಅವರ ಮನೇಲಿದ್ದಾರೆ. ಆ ಭಾಗ ಮುಗೀತು."

"ಬಾಗಿಲು ಹಾಕಿಬಿಟ್ಟಳಲ್ಲ. ನನ್ನ ಬೆನ್ನಿಗೇ." ಅತ್ತೆ ನನ್ನ ಕಡೆ ತಿರುಗಿದರು. ಮುಖ ನಿಜವಾಗಿಯೂ ಸಣ್ಣದಾಗಿತ್ತು. "ನಾನೇನು ತಪ್ಪು ಮಾಡಿದೆ ವಿದಾದ್? ಟೀ ಪೂರ್ತಿ ಕುಡೀಲಿಲ್ಲ ಅಂತ ಇರಬೇಕು. ಕುಡಿಯೋ ಗುಂಡಿ ಸಿಗಲೇ ಇಲ್ಲ ನಂಗೆ."

ಹೋದವರ ಹೆಜ್ಜೆಸಪ್ಪಳ ಕೆಳಗಿನ ಬೀದಿಬಾಗಿಲ ತನಕ ಕೇಳಿ ಮುಗಿಯುವವರೆಗೆ ಅತ್ತೆ ತಮ್ಮ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಲ್ಲ. ಅದಕ್ಕೆ ಮುಂಚೆ ಮುಚ್ಚುವುದೆಂದರೆ ಇನ್ನು ಬರಬೇಡ ಎಂದು ಹೇಳಿದ ಹಾಗೆ.

ಹೇಗೋ ಸಮಾಧಾನ ಮಾಡಿಕೊಂಡು ದರ್ಜಿಯ ಮನೆ ಮುಗಿಸಿದರು. ಅಲ್ಲಿ ದರ್ಜಿ, ಉಳಿದ ಕತೆ ದೂಜಾಗೆ ಗೊತ್ತು, ಮತ್ತೆ ಅವಳ ಹತ್ತಿರ ಹೋಗು ಎಂದ. ಅತ್ತೆ ಗುಂಡಿಗಳ ಹಿಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ನಾ ಹೋಗಲ್ಲ."

"ಹೋಗಲೇಬೇಕು ಚಿಕ್ಕಮ್ಮ, ಕತೆ ಅಲ್ಲೇ ಇರೋದು."

"ಬೆನ್ನಿಗೆ ಬಾಗಿಲು ಹಾಕಿದವಳ ಮನೆಗೆ ಇನ್ನೊಂದು ಸಲ ಹೋಗೋಳಲ್ಲ ನಾನು. ಬೇರೆ ಯಾರನ್ನಾದ್ರೂ ಕೇಳ್ತೀನಿ. ಆ ಅಜ್ಜಿಗೆ ಬೇರೆ ಗೆಳತೀರು ಇರಲಿಲ್ವಾ?"

"ಇಲ್ಲ. ನಾವು ಮಾಡಿಲ್ಲ."

"ಪಾಪ," ಎಂದರು ಅತ್ತೆ. ಆಮೇಲೆ ಮಗನ ಕಡೆ ನೋಡಿ, "ನಿನ್ನನ್ನ ನಾನು ಹೀಗಾ ಬೆಳೆಸಿದ್ದು? ಮಾಡೋದೇ ಮಾಡ್ತೀಯ, ಒಳ್ಳೆ ನಡತೆ ಇರೋಳನ್ನ ಮಾಡಬಾರದಿತ್ತಾ?"

ಸೊಫಿಯಾನ್ ಒಂದು ನಿಟ್ಟುಸಿರು ಬಿಟ್ಟು ಮೊನ್ಸೆಫ್‌ಗೆ ಹೇಳಿದ, "ಸರಿ, ಮೆಟ್ಟಿಲಿರೋ ಆ ಇನ್ನೊಂದನ್ನ ಹಾಕು."

ಈ ಸಲ ದೂಜಾ ಹುಡುಗಿಯ ಜೊತೆ ಬಾಗಿಲ ತನಕ ಬಂದಳು. ಒಂದು ಕಾಲು ಹೊಸಿಲ ಒಳಗೆ, ಒಂದು ಹೊರಗೆ. ಹುಡುಗಿ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ದೂಜಾ ಪಕ್ಕದ ಕಂಬಿಗೆ ಒರಗಿ ಕೂಗಿದಳು: ಒಂದು ವಿಷಯ ಮರೆತೇಬಿಟ್ಟೆ ನೋಡು. ಅಷ್ಟರಲ್ಲಿ ದೀಪ ಆರಿತು. ಅತ್ತೆಯ ಹೆಬ್ಬೆರಳು ಯಾರೂ ಹೇಳಿಕೊಡದೆ ಪರದೆಯ ಗೋಡೆಯ ಮೇಲಿನ ಗುಂಡಿಯನ್ನು ಹುಡುಕಿ ಒತ್ತಿತು. ದೂಜಾ ಮುಂದುವರಿಸಿದಳು. ಅಜ್ಜಿಗೆ ಒಬ್ಬ ಬೇಕರಿಯವನ ಮೇಲೆ ಮನಸ್ಸಿತ್ತು, ಒಲೆ ಮೇಲೆ ಏನೋ ಇಟ್ಟಿದ್ದೆ, ನಿಮ್ಮಮ್ಮನಿಗೆ ನಮಸ್ಕಾರ ಹೇಳು, ಒಲೆ ಇರಲಿ ಬಿಡು, ಆ ಬೇಕರಿಯವನು ಇದ್ದನಲ್ಲ. ಮತ್ತೆ ದೀಪ ಆರಿತು, ಮತ್ತೆ ಅತ್ತೆ ಒತ್ತಿದರು.

"ಚಿಕ್ಕಮ್ಮ, ಇನ್ನು ಮೇಲೆ ಹೋಗಬಹುದು."

"ಆಕೆ ಮಾತಾಡ್ತಿದ್ದಾಳಲ್ಲಪ್ಪ."

ಮೊನ್ಸೆಫ್ ಮಾಡಿಟ್ಟಿದ್ದ ಮಾತೆಲ್ಲ ಮುಗಿದು ದೂಜಾ ಮೊದಲಿನಿಂದ ಅದನ್ನೇ ಹೇಳತೊಡಗಿದಳು. ಅತ್ತೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಓರೆಗಣ್ಣಲ್ಲಿ ನನ್ನನ್ನು ನೋಡಿ ದನಿ ತಗ್ಗಿಸಿದರು.

"ಮಾತು ಸ್ವಲ್ಪ ಜಾಸ್ತಿ. ಆದ್ರೆ ಒಳ್ಳೆ ಮನೆತನದವಳು."

ಆ ಮಾತುಗಳೆಲ್ಲ, ಒಲೆ ಸಮೇತ, ಅತ್ತೆಯವೇ. ಮಗ ಬಕೆಟ್ ಮೇಲೆ ನಿಂತು ಕೇಳಿಸಿಕೊಂಡವು. ನಾನು ಸಿರೀನಳ ಕೂದಲಿನಲ್ಲಿ ಮುಖ ಮರೆಸಿಕೊಂಡೆ. ಮೊನ್ಸೆಫ್ ಸೂರು ನೋಡುತ್ತಿದ್ದ.

ಸೊಫಿಯಾನ್ ಯೋಚಿಸ್ತೀನಿ ಎಂದಷ್ಟೇ ಅಂದು, ಮಕ್ರೂದ್ ತಿಂದು, ನಮ್ಮನ್ನು ಬೀಳ್ಕೊಡಲು ಆಫೀಸಿನ ಬಾಗಿಲ ತನಕ ಬಂದ. ಅತ್ತೆ ಅವನ ತಾಯಿಯ ಆರೋಗ್ಯ ವಿಚಾರಿಸಿದರು. ಆಮೇಲೆ ಅವನ ಮದುವೆಯ ವಿಷಯ. ಅಷ್ಟರಲ್ಲಿ ಅಲ್ಲಿಯ ದೀಪವೂ ಆರಿತು. ಕತ್ತಲಲ್ಲಿ ಅವನ ದನಿ ಬಸ್ಸನ್ನು ಮರೆತವನ ಹಾಗೆ ನಿಧಾನವಾಗಿತ್ತು.

"ಮೊನ್ಸೆಫ್, ನಂಗೂ ಆ ಮೆಟ್ಟಿಲು ಇಷ್ಟ ಕಣೋ. ಜನ ಬೇಜಾರಾಗಿ ಆಟ ಬಿಟ್ಟುಹೋಗ್ತಾರೆ ಅಂತ ಭಯ ಅಷ್ಟೇ."

"ದೀಪ ಹಾಕಲಾ?" ಎಂದ ಮೊನ್ಸೆಫ್.

"ತಾಳು. ದೂಜಾ ಮನೆ ಮೆಟ್ಟಿಲು ಇರಲಿ. ಮಿಕ್ಕಿದ್ದು ತೆಗಿ."

"ಒಂದೇ ಮನೆಗೆ ಮೆಟ್ಟಿಲಿಟ್ಟರೆ ಬೇರೆ ಮನೆಯವರೇನು ಹಾರಿಕೊಂಡು ಹೋಗ್ತಾರಾ?"

"ಹಾಗಾದ್ರೆ ಅವಸರ ಇರೋರು ಓಡಿಹೋಗೋ ಹಾಗಿರಲಿ. ಇಲ್ಲದವರು ನಿಲ್ಲಲಿ. ಎಲ್ಲಾ ಇಟ್ಟುಕೋ ಮಾರಾಯ. ಆದ್ರೆ ಆ ಪಾತ್ರೆಗಳನ್ನೂ ನೀನೇ ಮಾಡಬೇಕು."

ಯಾರೋ ಗುಂಡಿ ಒತ್ತಿದರು. ಬೆಳಕಿನಲ್ಲಿ ಇಬ್ಬರೂ ಅಪರಿಚಿತರ ಹಾಗೆ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಸಿರೀನಳಿಗೆ ಹಸಿವಾಗಿತ್ತು. ನಾನು ಅತ್ತೆಯ ಕೈಹಿಡಿದು ಇಳಿಸಿಕೊಂಡು ಬಂದೆ. ಕೆಳಗಿನ ಬೀದಿಬಾಗಿಲಲ್ಲಿ ಅತ್ತೆ ನಿಂತು ಕಿವಿಗೊಟ್ಟರು. ಮೇಲೆ ಬಾಗಿಲು ಮುಚ್ಚಿದ ಸದ್ದಿಲ್ಲ. ಸೊಫಿಯಾನ್‌ನ ದನಿ ಇನ್ನೂ ಕೇಳುತ್ತಿತ್ತು. ಏನೋ ಮರೆತಿದ್ದನಂತೆ.

"ಒಳ್ಳೆ ಮನೆತನದ ಹುಡುಗ," ಎಂದರು ಅತ್ತೆ. "ಮಾತು ಸ್ವಲ್ಪ ಜಾಸ್ತಿ."

ನಾನು ಅಲ್ಲೇ ಕೊನೆಯ ಮೆಟ್ಟಿಲ ಮೇಲೆ ಕೂತು ಮಗುವಿಗೆ ಬಾಳೆಹಣ್ಣು ಸುಲಿದೆ. ನನ್ನ ಗಂಡ ಇಳಿದು ಬರುವಷ್ಟರಲ್ಲಿ ಇನ್ನೊಂದನ್ನೂ ಸುಲಿಯಬೇಕಾಯಿತು.