ಆರು ದನಿಗಳ ಮೇಸ್ತ್ರಿ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಎತ್ತರಕ್ಕಿತ್ತು. ಚಿಕ್ಕಂದಿನಿಂದ ಗದ್ದದ ಕೆಳಗೆ ಪಿಟೀಲು ಒತ್ತಿ ಹಿಡಿದು ಹಿಡಿದು ಎಲುಬೇ ಹಾಗೆ ಕೂತುಬಿಟ್ಟಿತ್ತು. ಪಿಟೀಲು ಮನೆಯಲ್ಲಿಟ್ಟು ಬರಿಗೈಯಲ್ಲಿ ನಡೆಯುವಾಗಲೂ ತಲೆ ಎಡಕ್ಕೆ ವಾಲಿರುತ್ತಿತ್ತು. ಪಕ್ಕದಲ್ಲಿ ಯಾರೋ ಸಣ್ಣ ದನಿಯಲ್ಲಿ ಏನನ್ನೋ ಹೇಳುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ. ದಂಡು ಬೀಡುಬಿಟ್ಟಿದ್ದ ಕ್ಯಾಂಪಿನ ದರ್ಜಿ ಅವರ ಕರಿಯ ಕೋಟು ಹೊಲಿಯುವಾಗ ಬಲಭುಜದೊಳಗೆ ಅರಳೆ ತುಂಬಿ ಎರಡೂ ಕಡೆ ಸರಿದೂಗಿಸುತ್ತಿದ್ದ. ಬೆಳಗಾವಿಯ ಮಳೆಗೆ ಆ ಅರಳೆ ತೊಯ್ದು ಕೋಟೇ ಒಂದು ಕಡೆಗೆ ಜಗ್ಗಿಬಿಡುತ್ತಿತ್ತು.

ಅವರು ಗೋವೆಯವರು. ಅವರ ಸೀಮೆಯಲ್ಲಿ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಗೀತ ಕಲಿಸುವವರಿಗೆ ಮೇಸ್ತ್ರಿ ಅನ್ನುತ್ತಾರೆ. ಬೆಳಗಾವಿಗೆ ಅಂಟಿಕೊಂಡ ನಮ್ಮ ಶಹಾಪುರದಲ್ಲಿ ಮೇಸ್ತ್ರಿ ಅಂದರೆ ಗೋಡೆ ಕಟ್ಟುವವನು. ನಾನು ಕ್ಯಾಂಪಿನ ಮೇಸ್ತ್ರಿಯ ಮನೆಗೆ ಹೋಗುತ್ತೇನೆಂದು ತಿಳಿದ ನೆರೆಮನೆಯ ಕಾಕಾ, ತನ್ನ ಮಗ್ಗದ ಕೋಣೆಯ ಗೋಡೆ ಬಿರುಕು ಬಿಟ್ಟಿದೆಯೆಂದು ಒಂದು ದಿನ ನನ್ನ ಬೆನ್ನಿಗೇ ಬಂದುಬಿಟ್ಟ. ಮೇಸ್ತ್ರಿ ಅವನ ಮಾತನ್ನೆಲ್ಲ ಪೂರ್ತಿ ಕೇಳಿಕೊಂಡರು.

"ಗ್ವಾಡಿ ಕೆಲಸ ನನಗ ಬರೂದಿಲ್ರಿ ಕಾಕಾ," ಅಂದರು. "ನಾ ಕಟ್ಟಿದ್ದು ಬಾರಿಸೂದು ಮುಗದ ಕೂಡ್ಲೇ ಬಿದ್ದು ಹೋಗ್ತೈತಿ."

ಕಾಕಾ ನಕ್ಕ. ಅವರು ನಗಲಿಲ್ಲ. ಅವರು ನಕ್ಕಿದ್ದನ್ನು ನಾನು ನೋಡಿದ್ದೇ ಕಡಿಮೆ.

ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಪಿಟೀಲು ಬಾರಿಸುತ್ತಿದ್ದ ನಾಟಕ ಕಂಪನಿ ಒಡೆದುಹೋಗಿ, ಶಹಾಪುರದ ಸಾಲೆಯಲ್ಲಿ ಮಾಸ್ತರಿಕೆ ಹಿಡಿದಿದ್ದೆ. ಪಲ್ಟನ್ನಿನ ಬ್ಯಾಂಡಿನಲ್ಲಿ ದುಡಿದು ನಿವೃತ್ತನಾಗಿದ್ದ ಒಬ್ಬ ಮುಸಲ್ಮಾನ ಹಿರಿಯ ನನಗೆ ಪರಿಚಯ. ಎಲ್ಲರಿಗೂ ಅವನು ಚಾಚಾ. ಅವನೇ ನನ್ನನ್ನು ಮೇಸ್ತ್ರಿಯ ಮನೆಗೆ ಕರೆದುಕೊಂಡು ಹೋದವನು. ನಾನು ರೂಢಿಯಂತೆ ನೆಲದ ಮೇಲೆ ಕಾಲು ಮಡಚಿ ಕೂತು ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟುಕೊಂಡೆ.

"ಮ್ಯಾಲ ಬರ್ರಿ ಮಾಸ್ತರ, ಕುರ್ಚಿ ಮ್ಯಾಲ ಕುಂದರ್ರಿ," ಅಂದರು ಮೇಸ್ತ್ರಿ. ನಾನು ಬಾರಿಸಿದ್ದನ್ನು ಪೂರ್ತಿ ಕೇಳಿದ ಮೇಲೆ ನನ್ನ ಪಿಟೀಲನ್ನು ಬದಿಗಿಟ್ಟು ಅದಕ್ಕಿಂತ ತುಸು ದೊಡ್ಡದಾದ, ದಪ್ಪ ದನಿಯ ವಾದ್ಯವೊಂದನ್ನು ಕೈಗೆ ಕೊಟ್ಟರು. "ಇದು ವಿಯೋಲಾ. ಪಿಟೀಲಿನ ಅಣ್ಣ. ಹೆಚ್ಚು ಮಾತಾಡೂದಿಲ್ಲ. ನಿಮಗ ಹೊಂದ್ತೈತಿ."

ಅವರಿಗೆ ಬೇಕಾಗಿದ್ದುದು ಒಂದೇ ಕೃತಿಗೆ ಜನ. ಹರೆಯದಲ್ಲಿ ಅವರು ಹಡಗಿನ ವಾದ್ಯಗಾರರಾಗಿ ದೇಶ ತಿರುಗಿದವರು. ಆಗ ಆಸ್ಟ್ರಿಯಾದ ಕೈಯಲ್ಲಿದ್ದ ಬಂದರೊಂದರಲ್ಲಿ ಹಡಗು ನಿಂತಾಗ, ಕಟ್ಟಿಗೆ ವ್ಯಾಪಾರಿಯೊಬ್ಬನ ಮನೆಯಲ್ಲಿ ಆರು ಜನ ಕೂತು ಒಂದು ಕೃತಿ ಬಾರಿಸುವುದನ್ನು ಕೇಳಿದ್ದರು. ಎರಡು ಪಿಟೀಲು, ಎರಡು ವಿಯೋಲಾ, ಕಾಲ ನಡುವೆ ನಿಲ್ಲಿಸಿಕೊಂಡು ಬಾರಿಸುವ ಮಂದ್ರದ ಚೆಲ್ಲೋ ಎರಡು. ನಮ್ಮಲ್ಲಿ ಹಾಡುವವನು ಒಬ್ಬ, ಉಳಿದವರು ಅವನ ಬೆನ್ನು ಹಿಡಿದು ಹೋಗುವವರು. ಇಲ್ಲಿ ಹಾಗಲ್ಲ. ಆರು ಜನರಿಗೂ ಆರು ಹಾಡು. ಒಂದರ ಮೇಲೊಂದು ಹಾಯುತ್ತ, ಒಂದನ್ನೊಂದು ತಡೆಯುತ್ತ, ಎಲ್ಲೋ ಕೂಡುತ್ತ ಹೋಗುತ್ತವೆ.

"ಅದಕ್ಕೂ ಹಿಂದಿನ ಸಂಗೀತ ಹ್ಯಾಂಗ ಅಂದ್ರ, ಕಸಾ ಹೊಡದು ಚೊಕ್ಕ ಇಟ್ಟ ಮನಿ," ಎಂದು ಮೇಸ್ತ್ರಿ ವಿವರಿಸುತ್ತಿದ್ದರು. "ಇದು ಹೊಳಿ ಏರಿ ಮನಿಯೊಳಗ ಬಂದಂಗ. ಯಾವುದು ಎಲ್ಲಿತ್ತೋ ಅಲ್ಲಿ ಇರೂದಿಲ್ಲ. ಆದ್ರ ಎಲ್ಲಾ ತೇಲ್ತಾವು."

ಆ ಕೃತಿಯ ಹಾಳೆಗಳನ್ನು ಊರಿಗೆ ತಂದು, ತಮ್ಮ ಮನೆಯವರಿಗೇ ಒಬ್ಬೊಬ್ಬರಿಗೆ ಒಂದೊಂದು ವಾದ್ಯ ಕಲಿಸಿದರು. ಹೆಂಡತಿ, ತಮ್ಮ, ಇಬ್ಬರು ಗಂಡುಮಕ್ಕಳು, ಮಗಳು ಕ್ಲಾರಾ. ತಾವೂ ಸೇರಿ ಆರು. ಕ್ಯಾಂಪಿನ ಆ ಮನೆಯ ಮುಂದೆ ಸಂಜೆ ಹೊತ್ತು ಜನ ಸೈಕಲ್ ಇಳಿದು ನಿಂತು ಕೇಳುತ್ತಿದ್ದರಂತೆ. ಯುದ್ಧ ಮುಗಿದ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಬಂತು. ಒಂದು ಸಂತೆಯಿಂದ ಇನ್ನೊಂದು ಸಂತೆಯೊಳಗೆ, ಒಂದೇ ವಾರದಲ್ಲಿ, ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಹೋದರು. ತಮ್ಮ ಮುಂಬಯಿಗೆ ಹೋದವನು ತಿರುಗಿ ಬರಲಿಲ್ಲ. ಇದನ್ನೆಲ್ಲ ನನಗೆ ಹೇಳಿದವನು ಚಾಚಾ. ನಾನು ಕೂರುತ್ತಿದ್ದ ಕುರ್ಚಿ ಅವರ ಕಿರಿಯ ಮಗನದು ಎಂದು ತಿಳಿದದ್ದೂ ಬಹಳ ತಡವಾಗಿ.

ಮತ್ತೆ ಜನ ಕೂಡಿಸೋಣವೆಂದು ಹಟ ಹಿಡಿದವಳು ಕ್ಲಾರಾ. ಮೇಸ್ತ್ರಿ, ಅವಳು, ಚಾಚಾ, ನಾನು, ಇಗರ್ಜಿಯಲ್ಲಿ ಬಾರಿಸುತ್ತಿದ್ದ ಇಬ್ಬರು ಗೋವೆಯ ತರುಣರು, ಹೀಗೆ ಆರಾದೆವು. ಭಾನುವಾರ ಅವರ ಪ್ರಾರ್ಥನೆ ಮುಗಿದ ಮೇಲೆ ಕೂರುತ್ತಿದ್ದೆವು. ಮೇಸ್ತ್ರಿ ಕಾಲು ಕುಟ್ಟಿ ತಾಳ ಹಾಕುತ್ತಿರಲಿಲ್ಲ, ತಲೆ ಅಲ್ಲಾಡಿಸುತ್ತಿರಲಿಲ್ಲ. ಉಸಿರು ಒಳಗೆಳೆದುಕೊಳ್ಳುವುದೇ ಸನ್ನೆ. ನಾನು ದಾರಿ ತಪ್ಪಿ ಪಕ್ಕದವನ ದನಿಗೆ ಜೋತುಬಿದ್ದರೆ ಪಿಟೀಲಿನ ಕಮಾನನ್ನು ಕೆಳಗಿಳಿಸಿ ಹೇಳುತ್ತಿದ್ದರು: "ಮಾಸ್ತರ, ನಿಮ್ಮ ದನಿ ನೀವ ಹೊತಗೊಂಡು ಹೋಗ್ರಿ. ಬಾಜೂದವ್ನ ಹೆಗಲ ಮ್ಯಾಲ ಹಾಕಬ್ಯಾಡ್ರಿ."

ಒಮ್ಮೆ ಚಾಚಾ ಅಂದ: "ವಿಲಾಯತಿಯಾಗ ಈಗ ಇಂಥಾವನ್ನ ಆರು ಮಂದಿ ಬಾರಸೂದಿಲ್ಲಂತ ಮೇಸ್ತ್ರಿ. ಒಂದೊಂದು ಹಾಡಿಗೆ ನಾಕು ನಾಕು, ಐದೈದು ಮಂದಿ ಕುಂದರತಾರಂತ. ನಮ್ಮ ಬ್ಯಾಂಡ್‌ಮಾಸ್ಟರ್ ಸಾಹೇಬ್ರು ಹೇಳ್ತಿದ್ರು. ನಾವೂ ಹಂಗ ಮಾಡಿದ್ರ ಭಾಳ ಜೋರಾಗ್ತೈತಿ."

ಮೇಸ್ತ್ರಿಯ ಮುಖ ಕೆಂಪಾಯಿತು. "ಆರು ಮಂದಿ ಆಡೂ ಮಾತನ್ನ ಮೂವತ್ತು ಮಂದಿ ಆಡಿದ್ರ ಅದು ಮಾತಲ್ಲ ಚಾಚಾ, ಸಂತಿ. ನನ್ನ ಮನ್ಯಾಗ ಅದರ ಸುದ್ದಿ ಎತ್ತಬ್ಯಾಡ್ರಿ." ಅವತ್ತು ಮತ್ತೆ ಬಾರಿಸಲೇ ಇಲ್ಲ.

ಆ ಮಳೆಗಾಲ ಕ್ಲಾರಾಳಿಗೆ ಕೆಮ್ಮು ಹತ್ತಿತು. ಮಳೆ ನಿಂತರೂ ಕೆಮ್ಮು ನಿಲ್ಲಲಿಲ್ಲ. ಡಾಕ್ಟರು ಎದೆ ಪರೀಕ್ಷಿಸಿ ಕ್ಷಯ ಅಂದರು, ಊರಿನ ಗದ್ದಲ ಬಿಟ್ಟು ಬಯಲು ಗಾಳಿಗೆ ಕರೆದೊಯ್ಯಿರಿ ಅಂದರು. ಮೇಸ್ತ್ರಿ ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಹತ್ತಿರ ಒಂದು ಹಂಚಿನ ಮನೆ ಹಿಡಿದರು. ಚೆಲ್ಲೋ ಬಿಟ್ಟು ಬರುವುದಿಲ್ಲವೆಂದು ಅವಳು ಅಂದಳು. ಅದನ್ನು ರೈಲಿನಲ್ಲಿ ಚಾಚಾ ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ತಂದ. ಆಮೇಲೆ ಭಾನುವಾರಗಳಂದು ನಾವೆಲ್ಲ ಖಾನಾಪುರಕ್ಕೇ ಹೋಗತೊಡಗಿದೆವು. ರೋಗಕ್ಕೆ ಹೆದರಿ ಅಕ್ಕಪಕ್ಕದವರು ಆ ಅಂಗಳ ತುಳಿಯುತ್ತಿರಲಿಲ್ಲ. ನಮಗೂ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಯಾರೊಬ್ಬರೂ ತಪ್ಪಿಸಲಿಲ್ಲ.

ಕೃತಿಯ ನಡುವೆ ಒಂದು ಉದ್ದನೆಯ ವಿಲಂಬಿತ ಭಾಗ. ಅಲ್ಲಿ ಎಲ್ಲರ ದನಿಯೂ ತಗ್ಗಿ ಮೊದಲ ಚೆಲ್ಲೋ ಒಂದೇ ಮೇಲೇಳುತ್ತದೆ. ಅದು ಕ್ಲಾರಾಳ ಹಾಡು. ಅಲ್ಲಿಗೆ ಬಂದ ಕೂಡಲೇ ಅವಳಿಗೆ ಕೆಮ್ಮು ಒತ್ತಿ ಬರುತ್ತಿತ್ತು. ಕಮಾನು ನಿಲ್ಲುತ್ತಿತ್ತು. ಅವಳು ನಿಂತರೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಉಳಿದ ಐದು ಜನ ಯಾವುದಕ್ಕೋ ಕಾಯುತ್ತಿರುವವರಂತೆ ಬರಿದೇ ಕಮಾನು ಎಳೆಯುತ್ತಿದ್ದೆವು. ಮೇಸ್ತ್ರಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಮತ್ತೆ ಅಲ್ಲೇ ನಿಲ್ಲುತ್ತಿತ್ತು.

ಒಂದು ಭಾನುವಾರ ಅವಳು ಚೆಲ್ಲೋವನ್ನು ಗೋಡೆಗೆ ಒರಗಿಸಿ ಹೇಳಿದಳು: "ಪಪ್ಪಾ, ನಾ ನಿಂತ್ರ ಎಲ್ಲಾ ನಿಲ್ತೈತಿ. ಅದ ಅಂಜಿಕಿ ನನಗ. ಆ ಜಾಗಾ ಹತ್ರ ಬಂದಂಗ ಬಂದಂಗ ಎದಿ ಹೊಡಕೊಳ್ತೈತಿ, ಅದಕ್ಕ ಕೆಮ್ಮು ಬರ್ತೈತಿ. ಸಾಯೂದಕ್ಕ ನಾ ಇಷ್ಟು ಅಂಜಿಲ್ಲ."

ಮೇಸ್ತ್ರಿ ಮಗಳ ಮುಖವನ್ನೇ ನೋಡಿದರು. ಕ್ಯಾಂಪಿನಲ್ಲಿ ಕೆಲಸವಿತ್ತೆಂದು, ಮಗಳ ಹತ್ತಿರ ಕೆಲಸದವಳನ್ನು ಬಿಟ್ಟು ಅವತ್ತು ನಮ್ಮ ಜೊತೆಗೇ ಹೊರಟವರು, ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರವಾದಾಗ ಚಾಚಾನ ಕಡೆ ತಿರುಗದೆಯೇ ಕೇಳಿದರು: "ಪಲ್ಟನ್‌ದಾಗ ಚೆಲ್ಲೋ ಬಾರಸೂ ಮಂದಿ ಇನ್ನೂ ಅದಾರೇನು?"

ಚಾಚಾಗೆ ತಿಳಿಯಿತು. "ಅದಾರ. ಎಷ್ಟು ಮಂದಿ ಬೇಕು ಹೇಳ್ರಿ."

"ಸಿಕ್ಕಷ್ಟು ಮಂದೀನ ಕೂಡಸೂಣು."

ಆಮೇಲಿನ ವಾರಗಳಲ್ಲಿ ಅವರು ಮಾಡಿದ ಓಡಾಟ ಹೇಳತೀರದು. ಯಾರ ಮುಂದೆಯೂ ಕೈಚಾಚದ ಮನುಷ್ಯ ಕ್ಯಾಂಪಿನ ಮನೆಮನೆ ಅಲೆದರು. ಇಗರ್ಜಿಯ ಪಿಟೀಲಿನವರು, ಪಲ್ಟನ್ನಿನ ಬ್ಯಾಂಡಿನವರು, ಘಟ್ಟದ ಕೆಳಗಿಂದ ರೈಲು ಹತ್ತಿ ಬರುವ ಅವರ ಹಳೆಯ ಶಿಷ್ಯರು, ನನ್ನ ನಾಟಕ ಕಂಪನಿಯ ಇಬ್ಬರು ಗೆಳೆಯರು. ಪ್ರತಿಯೊಬ್ಬರಿಗೂ ತಾವೇ ಕೂತು ಸ್ವರಲಿಪಿ ನಕಲು ಮಾಡಿಕೊಟ್ಟರು. ಚಾಚಾ ಎಲ್ಲಿಂದಲೋ ಚೆಲ್ಲೋಗಿಂತಲೂ ಮಂದ್ರದ, ಆಳೆತ್ತರದ ಡಬಲ್ ಬಾಸ್ ಒಂದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ತಂದ. ಕ್ಲಾರಾಳ ಎಡಬಲಕ್ಕೆ ಪಲ್ಟನ್ನಿನ ಚೆಲ್ಲೋದವರನ್ನು ಕೂರಿಸಿ, ಅವಳು ಇಲ್ಲದ ಹೊತ್ತಿನಲ್ಲಿ ಮೇಸ್ತ್ರಿ ಅವರಿಗೆ ಹೇಳಿದರು: "ಆಕಿ ಬಾರಸೂ ಮುಂದ ನೀವು ಆಕಿ ಕೆಳಗ ಇರ್ರಿ. ಆಕಿ ನಿಂತ್ರ ನೀವು ನಿಲ್ಲಬ್ಯಾಡ್ರಿ. ತಿರುಗಿ ನೋಡಬ್ಯಾಡ್ರಿ."

ಖಾನಾಪುರದ ಸಾಲೆಯ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಬಾರಿಸಿದೆವು. ಹಂಚಿನ ಭಟ್ಟಿಯ ಕೆಲಸಗಾರರು, ಅರಣ್ಯ ಖಾತೆಯ ಗುಮಾಸ್ತರು, ಬೀಡಿ ಎಂಬ ಊರಿನ ಕಡೆಯಿಂದ ಪೇಟೆಗೆ ಬಂದ ಒಕ್ಕಲಿಗರು, ಹೆಂಗಸರು, ಯಾರು ಯಾರೋ ಬಂದು ನೆಲದ ಮೇಲೆ ಕೂತಿದ್ದರು. ಶುರುವಾಗಿ ಬಹಳ ಹೊತ್ತಿನ ಮೇಲೂ ಮುಂದೆ ಕೂತ ಮುದುಕನೊಬ್ಬ ಪಕ್ಕದವನನ್ನು ಕೇಳುತ್ತಿದ್ದುದು ನನಗೆ ಕೇಳಿಸಿತು: "ಹಾಡೋರು ಯಾವಾಗ ಬರ್ತಾರೋ?"

ವಿಲಂಬಿತ ಭಾಗ ಬಂತು. ಆರು ದನಿಗಳು ಈಗ ದಪ್ಪಗಾಗಿದ್ದವು. ಮೇಸ್ತ್ರಿ ಹೆದರಿದ್ದಂತೆ ಸಂತೆಯಾಗಿರಲಿಲ್ಲ. ಕೆಳಗೆ ಡಬಲ್ ಬಾಸ್ ನೆಲವೇ ಗುನುಗುವಂತೆ ಗುನುಗುತ್ತಿತ್ತು. ಚೆಲ್ಲೋ ಮೇಲೆದ್ದಿತು. ಕ್ಲಾರಾ ಅರ್ಧ ದಾರಿಯವರೆಗೆ ಬಾರಿಸಿದಳು. ಆಮೇಲೆ ಅವಳ ಕಮಾನು ಮೆಲ್ಲಗೆ ಮೊಣಕಾಲಿನ ಮೇಲೆ ಇಳಿಯಿತು. ಬಾಯಿಗೆ ವಸ್ತ್ರ ಒತ್ತಿಕೊಂಡಳು. ಹಾಡು ನಿಲ್ಲಲಿಲ್ಲ. ಎರಡೂ ಪಕ್ಕದವರು ಅದನ್ನು ಎತ್ತಿಕೊಂಡು ಹೋದರು. ಅವಳು ವಸ್ತ್ರ ತೆಗೆದು, ಕಣ್ಣು ಮುಚ್ಚಿ, ತನ್ನ ಹಾಡನ್ನು ತಾನೇ ಹೊರಗೆ ಕೂತು ಕೇಳಿದಳು. ಕೆಮ್ಮು ಬರಲಿಲ್ಲ. ನನ್ನ ಕುರ್ಚಿಯಿಂದ ಅವಳ ಮುಖ ಕಾಣುತ್ತಿತ್ತು. ಅಷ್ಟು ಸಮಾಧಾನದ ಮುಖವನ್ನು ನಾನು ಆ ಮನೆಯವರಲ್ಲಿ ಮೊದಲು ಕಂಡಿರಲಿಲ್ಲ. ಮೇಸ್ತ್ರಿ ತಿರುಗಿ ನೋಡಲಿಲ್ಲ. ಕೃತಿಯ ಕೊನೆಗೆ, ಎಲ್ಲ ದನಿಗಳೂ ಸಣ್ಣಗಾಗಿ ಹರಡಿಕೊಳ್ಳುವಲ್ಲಿ, ಅವಳು ಮತ್ತೆ ಕಮಾನು ಎತ್ತಿ ಸೇರಿಕೊಂಡಳು.

ಜನ ಚದುರಿದ ಮೇಲೆ ಅವಳು ಕೇಳಿದಳು: "ನಾ ಬಿಟ್ಟಿದ್ದು ಗೊತ್ತಾಗಲಿಲ್ಲ ಹೌದಿಲ್ಲೋ ಪಪ್ಪಾ?"

ಸಂಗೀತದಲ್ಲಿ ಅವರು ಸುಳ್ಳು ಹೇಳಿದವರಲ್ಲ. "ಗೊತ್ತಾತು," ಅಂದರು. ಅವಳ ಚೆಲ್ಲೋ ಎತ್ತಿಕೊಳ್ಳುತ್ತ, "ಆದ್ರ ನಿಲ್ಲಲಿಲ್ಲ," ಅಂದರು.

ಬೇಸಿಗೆ ಮುಗಿಯುವ ಮೊದಲೇ ಕ್ಲಾರಾ ತೀರಿಕೊಂಡಳು. ಬೆಳಗಾವಿಗೆ ತಂದು, ತಾಯಿ ಮತ್ತು ಅಣ್ಣತಮ್ಮಂದಿರ ಪಕ್ಕದಲ್ಲಿ ಮಣ್ಣು ಮಾಡಿದರು. ಮೇಸ್ತ್ರಿ ಅಳಲಿಲ್ಲ. ಬಂದವರಿಗೆಲ್ಲ ಕೈ ಮುಗಿದು ಬೀಳ್ಕೊಟ್ಟು, ಕೊನೆಗೆ ಚಾಚಾನ ಕೋಟಿನ ತೋಳು ಹಿಡಿದು ಬಹಳ ಹೊತ್ತು ಬಿಡದೆ ನಿಂತಿದ್ದರು.

ಕೂಡಿದ ಜನ ಮತ್ತೆ ಕೂಡಲಿಲ್ಲ. ಕರೆದರೆ ಬರುತ್ತಿದ್ದರು, ಅವರು ಕರೆಯಲಿಲ್ಲ. ನಾನು ಮಾತ್ರ ಭಾನುವಾರ ಹೋಗುವುದನ್ನು ಬಿಡಲಿಲ್ಲ. ಇಬ್ಬರೇ ಕೂತು ಅದೇ ಕೃತಿಯನ್ನು ಬಾರಿಸುತ್ತಿದ್ದೆವು. ಅವರು ಮೊದಲ ಪಿಟೀಲು, ನಾನು ನನ್ನ ವಿಯೋಲಾ. ಉಳಿದ ನಾಲ್ಕು ದನಿಗಳ ಜಾಗ ಖಾಲಿ. ಎಷ್ಟೋ ಹೊತ್ತು ಇಬ್ಬರಿಗೂ ಬಾರಿಸುವುದೇನೂ ಇರುತ್ತಿರಲಿಲ್ಲ. ಸುಮ್ಮನೆ ಕೂತು ಮನಸ್ಸಿನಲ್ಲೇ ಎಣಿಸುತ್ತ, ನಮ್ಮ ಸರದಿ ಬಂದಾಗ ಕಮಾನು ಎತ್ತುತ್ತಿದ್ದೆವು. ಆ ನಿಶ್ಶಬ್ದದಲ್ಲಿ ಅವರ ತಲೆ ಎಡಕ್ಕೆ ವಾಲಿರುತ್ತಿತ್ತು.

ಒಂದೆರಡು ವರ್ಷಗಳ ಮೇಲೆ ಅವರಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ನಾನು ಹೋದಾಗ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಬಲಗೈಯಲ್ಲಿ ಕಮಾನು ಹಿಡಿದಿದ್ದರು.

"ಮಾಸ್ತರ, ನಿಮ್ಮ ಎಡಗೈ ನನಗ ಕೊಡ್ರಿ," ಅಂದರು.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಪಿಟೀಲನ್ನು ಮಂಚದ ಅಂಚಿಗೆ ಒರಗಿಸಿ ತಂತಿಗಳ ಮೇಲೆ ಬೆರಳಿಟ್ಟೆ. ಅವರು ಕಮಾನು ಎಳೆದರು. ಯಾವುದು ಬಾರಿಸೋಣವೆಂದು ಕೇಳಿದೆ.

"ನಿಮ್ಮದು," ಅಂದರು. "ನಿಮ್ಮ ಮನ್ಯಾಗ ಬಾರಸ್ತೀರಲಾ, ಅದು."

ಆ ಮೊದಲ ದಿನ ಬಿಟ್ಟರೆ ಅಷ್ಟು ವರ್ಷಗಳಲ್ಲಿ ಅವರು ನನ್ನ ಸಂಗೀತವನ್ನು ಕೇಳಿದ್ದೇ ಇಲ್ಲ. ನಾನು ಭೈರವಿಯ ಸ್ವರಗಳನ್ನು ನಿಧಾನವಾಗಿ ಹಿಡಿಯತೊಡಗಿದೆ. ಯಾವ ಸ್ವರದಲ್ಲಿ ನಿಲ್ಲುತ್ತೇನೆ, ಯಾವುದರಿಂದ ಜಾರುತ್ತೇನೆ ಎಂಬುದು ಅವರಿಗೆ ತಿಳಿಯುವಂತಿರಲಿಲ್ಲ. ನಾನು ಬಾಯಿಬಿಟ್ಟು ಹೇಳಹೋದೆ.

"ಮುಂದ ಎಲ್ಲಿ ಹೋಗ್ತೀರಿ ಹೇಳಬ್ಯಾಡ್ರಿ," ಅಂದರು. "ನಾ ಬರ್ತೀನಿ."

ಬಂದರು. ಎಲ್ಲೂ ತಪ್ಪಲಿಲ್ಲವೆಂದರೆ ಸುಳ್ಳಾದೀತು. ತಪ್ಪಿದಲ್ಲಿ ಕಮಾನನ್ನು ತಂತಿಯ ಮೇಲೇ ತಡೆದು, ನನ್ನ ಬೆರಳು ಕಾಯ್ದು, ಮತ್ತೆ ಜೊತೆಗೂಡಿದರು.

ಆ ಆಷಾಢದಲ್ಲಿ ಅವರು ಹೋದರು. ಸುರಿಯುವ ಮಳೆಯಲ್ಲೇ ಚಾಚಾ, ಇಗರ್ಜಿಯ ತರುಣರು, ನಾನು, ಎಲ್ಲ ಸೇರಿ ಹೊತ್ತು ನಡೆದೆವು. ಶಹಾಪುರಕ್ಕೆ ತೊಯ್ದು ಬಂದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ನಮ್ಮವ್ವ ಮಗ್ಗದಿಂದ ಎದ್ದು ಬಂದಳು.

"ಯಾರು ಹೋದ್ರಪಾ?" ಅಂದಳು.

ಹೇಳಿದೆ. ಆಕೆ ಅವರನ್ನು ಕಂಡವಳಲ್ಲ. ಕ್ಯಾಂಪಿನ ಕಡೆ ಎಂದೂ ಹೋದವಳೂ ಅಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಒಳಗ ಬರಬ್ಯಾಡ, ಅಲ್ಲೇ ನಿಂದರು," ಅಂದಳು. "ನೀರು ತರ್ತೀನಿ." ಮನೆಯ ಹಿರಿಯರು ಸತ್ತಾಗ ಮಾಡುವಂತೆಯೇ ಹಿತ್ತಲಿಗೆ ಕರೆದೊಯ್ದು ನನ್ನ ತಲೆಯ ಮೇಲೆ ಕೊಡ ಬಗ್ಗಿಸಿದಳು.