ಪರದೆಯ ಮೇಲೆ ಹತ್ತಿದ ಕಪ್ಪು ಪಟ್ಟೆಗಳು

ಫೋನಿನ ಪರದೆಯಲ್ಲಿ ಕಪ್ಪು ಪಟ್ಟೆಗಳು ಅಕ್ಕನ ಮಗಳು ಸಿಂಧುವಿನ ಮುಖದ ಮೇಲೆ ಹತ್ತತೊಡಗಿದಾಗ ನಾನು ಮೊದಲು ಅನುಮಾನಿಸಿದ್ದು ನನ್ನ ಕಣ್ಣನ್ನು, ಆಮೇಲೆ ಬಿ.ಪಿ.ಯನ್ನು. ಅವಳು ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದ ಶಾಲೆಗೆ, ಅವಳು ಪಾಠ ಮಾಡುವ ವಿಡಿಯೊ ಅಂದು ಸಂಜೆಯೊಳಗೆ ಹೋಗಬೇಕಿತ್ತು. ಹಾನುಬಾಳಿನಲ್ಲಿ ಕಾಫಿ ಮೂಟೆ ಇಡುವ ನಮ್ಮ ಸ್ಟೋರಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಮೂಟೆಗಳಿಗೆ ಕರಿಹಲಗೆ ಒರಗಿಸಿ ಶೂಟಿಂಗ್ ನಡೆಸಿದ್ದೆವು.

"ಫೋನ್ ಕೆಟ್ಟೋಗ್ಬುಡ್ತು ಕಣೆ. ನಿನ್ ಕೆಲಸ ಹೋಯ್ತು" ಎಂದೆ.

"ಇನ್ನೂ ಸಿಕ್ಕೇ ಇಲ್ಲ, ಹೋಗೋದೆಲ್ಲಿ ಬಂತು ಮಾವ? ಕರೆಂಟಿನ ಜೊತೆ ಲೈಟೂ ಮಿಣುಕ್ತೈತೆ, ಕಣ್ಣಿಗೆ ಕಾಣಲ್ಲ ಅಷ್ಟೆ. ನಮ್ ಕರೆಂಟು ಸೆಕೆಂಡಿಗೆ ಐವತ್ತು ಸುತ್ತು, ಅಮೆರಿಕದ್ದು ಅರವತ್ತು. ಹಳೇ ಟಿ.ವಿ.ಯೋರು ಅದಕ್ಕೇ ಹೊಂದಿಸಿ ಇಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಅಲ್ಲಿ ಮೂವತ್ತು ಅಂತ ಇಟ್ರು. ನಿಮ್ ಫೋನು ಅಮೆರಿಕದ ಲೆಕ್ಕದಲ್ಲೈತೆ, ನಮ್ ಲೈಟಿಗೆ ತಾಳ ಕೂಡದೆ ಪಟ್ಟೆ ಬೀಳ್ತೈತೆ."

ಅವಳು ಸೆಟ್ಟಿಂಗ್‌ನಲ್ಲಿ ಇಪ್ಪತ್ತೈದಕ್ಕೆ ಬದಲಾಯಿಸಿದಳು. ಪಟ್ಟೆಗಳು ಹೋದವು. ನಾನು ಉಸಿರು ಬಿಡುವಷ್ಟರಲ್ಲಿ, ವಾರವಿಡೀ ಬಾಯಿಪಾಠ ಮಾಡಿದ್ದ ಪಾಠವನ್ನೇ ಹಲಗೆಯಿಂದ ಒರೆಸಿ, 'ಪಟ್ಟೆ ಯಾಕೆ ಬಂತು?' ಎಂದು ಬರೆದಳು. ಬೇಡ ಎಂದು ಅಂಗಲಾಚಿದೆ. ಕೇಳಲಿಲ್ಲ, ಅದನ್ನೇ ಪಾಠ ಮಾಡಿ ಕಳಿಸಿದಳು.

ಉತ್ತರ ಇನ್ನೂ ಬಂದಿಲ್ಲ. ಅವಳ ಪಾಲಿನ ಚಿಂತೆಯನ್ನೂ ನಾನೇ ಮಾಡುತ್ತಿದ್ದೇನೆ. ಆದರೆ ತಪ್ಪು ಕಂಡಲ್ಲಿಂದಲೇ ಪಾಠ ಶುರು ಮಾಡುವವಳನ್ನು ಬೇಡವೆನ್ನುವ ಶಾಲೆ ಇದ್ದರೆ, ಚಿಂತೆ ಮಾಡಬೇಕಾದವರು ಅವರು.