ಲ್ಯೂಪೋ ಶಾಲೆಯ ಕೆಂಪು ಹೆಸರುಗಳು

ಬೆಳಗಿನ ಐದೂವರೆ. ಲ್ಯೂಪೋ ಹಳ್ಳಿಯ ಹಳೆಯ ಶಾಲೆಯಲ್ಲಿ ಹೌ ಚ್ಯಾವ್‌ಯುನ್ ಒಲೆಯ ಬಾಯಿಗೆ ಮೆಕ್ಕೆಜೋಳದ ದಂಟು ತುರುಕುತ್ತಿದ್ದಾರೆ. ಒಲೆಯ ಮೇಲೆ ಪಾತ್ರೆಯಿಲ್ಲ, ಇಲ್ಲಿ ಅಡುಗೆ ಯಾರಿಗೂ ಬೇಕಿಲ್ಲ. ಬಿಸಿ ಹೊಗೆ ಪಕ್ಕದ ಮಣ್ಣಿನ ಮಲಗುಕಟ್ಟೆಯ ಒಳಗೆಲ್ಲ ಸುತ್ತಿ ಹೊರಗೆ ಹೋಗಬೇಕು, ಕಟ್ಟೆ ಬೆಚ್ಚಗಾಗಬೇಕು, ಅಷ್ಟೇ. ಕಟ್ಟೆಯ ಮೇಲೆ ಏಳು ಹತ್ತಿಯ ರಜಾಯಿಗಳನ್ನು ಮಡಿಸಿಟ್ಟಿದ್ದಾರೆ. ಅವುಗಳನ್ನು ಹೊದೆಯುತ್ತಿದ್ದವರಲ್ಲಿ ಆರು ಜನ ಈಗಿಲ್ಲ.

“ಒಂದು ವಾರ ಬೆಂಕಿ ಹಾಕ್ದೆ ಬಿಡು ನೋಡಣ,” ಎನ್ನುತ್ತಾರೆ ಕಣ್ಣೊರೆಸಿಕೊಳ್ಳುತ್ತ. “ಇಲಿ ಬರುತ್ತೆ, ಬೂಷ್ಟು ಬರುತ್ತೆ, ಗೋಡೆ ಬಾಯಿ ಬಿಡುತ್ತೆ. ಮನೇಲಿ ಜನ ಇದಾರೆ ಅಂತ ಮನೇನ ನಂಬಿಸ್ತಾ ಇರ್ಬೇಕು ಕಣೇ. ಸುಳ್ಳು ಹೇಳಿಯಾದ್ರೂ ಸರಿ.”

ಅರವತ್ತಾರರ ಹೌ ಅವರನ್ನು ಊರೆಲ್ಲ ಅತ್ತಿಗೆ ಎಂದು ಕರೆಯುತ್ತದೆ. ನಾನು ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು, ನನಗೂ ಅತ್ತಿಗೆಯೇ. ಹನ್ನೊಂದು ವರ್ಷದ ಹಿಂದೆ ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ, ಮನೆಗೊಂದು ಹಳೆಯ ಸಾಮಾನು ಕೊಡಿ ಎಂದು ಊರ ಮುಖ್ಯಸ್ಥ ಸಾರಿಸಿದ. ಹಾಗೆ ಹುಟ್ಟಿದ್ದು ಈ ‘ನೆನಪಿನ ಮನೆ’. ನಾಲ್ಕು ಕೋಣೆ, ನಾನೂರ ಹನ್ನೆರಡು ವಸ್ತು, ಬೀಗದ ಕೈಯೊಂದು, ಅತ್ತಿಗೆಯೊಬ್ಬರು. ನಮ್ಮ ಗುಡ್ಡಗಳ ಹಳದಿ ಧೂಳು ಬಾಗಿಲು ಮುಚ್ಚಿದ್ದರೂ ಒಳಗೆ ಬರುವುದರಿಂದ ಎಲ್ಲವನ್ನೂ ದಿನಕ್ಕೆರಡು ಸಲ ಒರೆಸಬೇಕು.

ವಾರದ ದಿನಗಳಲ್ಲಿ ಬರುವವರು ಐದಾರು ಜನ. ಶನಿವಾರ, ಭಾನುವಾರ ಪಟ್ಟಣದಿಂದ ಬಸ್ಸುಗಳಲ್ಲಿ ಇನ್ನೂರರವರೆಗೆ ಬರುತ್ತಾರೆ. ರಾಟೆ ಮುಟ್ಟುತ್ತಾರೆ, ಎಣ್ಣೆದೀಪ ಮೂಸುತ್ತಾರೆ, ಅಳುತ್ತಾರೆ, ಆಮೇಲೆ ಎದುರಿನ ಅಂಗಡಿಯಲ್ಲಿ ಕೈಯಲ್ಲಿ ಎಳೆದ ನೂಡಲ್ಸ್ ತಿಂದು ಹೊರಡುತ್ತಾರೆ. ಅಜ್ಜಿ ಬದುಕಿದ್ದಾಗ ಬರದವರು ಅಜ್ಜಿಯ ಲಟ್ಟಣಿಗೆ ನೋಡಲು ಬರುತ್ತಾರಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ನಾನೇನು ಸಾಚಾ ಅಲ್ಲ. ಎರಡನೇ ಕೋಣೆಯಲ್ಲಿ ನನ್ನ ಅಮ್ಮ ಸೊಪ್ಪು ಹುದುಗಿಸಿ ಹುಳಿನೀರು ಮಾಡುತ್ತಿದ್ದ ಜಾಡಿಯಿದೆ. ಪ್ರತಿ ಸಲ ಅದರ ಮುಚ್ಚಳ ತೆಗೆದು ಮೂಸಿಯೇ ಹೋಗುತ್ತೇನೆ.

ಜಾಡಿಯ ಕೆಳಗಿನ ಮರದ ಫಲಕದಲ್ಲಿ ಅಮ್ಮನ ಹೆಸರು ಕಪ್ಪಿನಲ್ಲಿದೆ. ಇಲ್ಲಿಯ ಪ್ರತಿ ವಸ್ತುವಿನಡಿ ಅದರ ಒಡೆಯರ ಹೆಸರು ಬರೆದಿದೆ. ಬದುಕಿದ್ದವರದು ಕೆಂಪು, ತೀರಿಕೊಂಡವರದು ಕಪ್ಪು. ನಮ್ಮ ಕಡೆಯ ಸಮಾಧಿ ಕಲ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರು ಹೋದಾಗ ಇಬ್ಬರ ಹೆಸರನ್ನೂ ಕೆತ್ತಿಸುತ್ತೇವೆ. ಉಳಿದವರ ಹೆಸರು ತಮ್ಮ ಸರದಿ ಬರುವವರೆಗೆ ಕೆಂಪಾಗಿರುತ್ತದೆ. ಅತ್ತಿಗೆಯ ಗಂಡ ದುವಾನ್ ಶೌತ್ಯೆನ್ ಅಂಥ ಕಲ್ಲು ಕೆತ್ತುತ್ತಿದ್ದವರು, ಅತ್ತಿಗೆ ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದವರು. ಇಪ್ಪತ್ತೈದು ವರ್ಷ ಸುತ್ತಿನ ಹದಿನಾರು ಹಳ್ಳಿಗಳ ಸತ್ತವರೆಲ್ಲ ಇವರ ಕೈಯಲ್ಲೇ ಹಾದುಹೋದರು. ಆ ರೂಢಿಯನ್ನೇ ಇಲ್ಲಿಗೂ ತಂದಿದ್ದಾರೆ. ಕಳೆದ ವರ್ಷವೊಂದರಲ್ಲೇ ಹದಿನಾಲ್ಕು ಕೆಂಪು ಹೆಸರು ಕಪ್ಪಾಗಿವೆ.

ಒಂದು ಸಲ ಎಡವಟ್ಟೂ ಆಗಿದೆ. ಹತ್ತಿ ಬಿಡಿಸಲು ಪಶ್ಚಿಮಕ್ಕೆ ಹೋದ ಪಾಂಗ್ ಲೈಶುನ್ ಸತ್ತನಂತೆ ಎಂದು ಯಾರೋ ಅಂದರು. ಅತ್ತಿಗೆ ನಂಬಿ, ಅವನ ಎತ್ತಿನ ಗಂಟೆಯ ಕೆಳಗಿನ ಹೆಸರನ್ನು ಕಪ್ಪು ಮಾಡಿದರು. ಹೊಸ ವರ್ಷದ ಹಬ್ಬಕ್ಕೆ ಆಸಾಮಿ ಕೆಂಪು ಕೆನ್ನೆ ಹೊತ್ತು ಬಂದಿಳಿದ.

“ಅತ್ತಿಗೇ, ನನ್ನ ತಿಥಿ ಊಟ ಮಾಡ್ಬಿಟ್ರಾ, ನಂಗೇನಾದ್ರೂ ಉಳಿಸಿದೀರಾ?” ಎಂದು ಅಂಗಳದಲ್ಲಿ ನಿಂತು ಕೂಗಿದನಂತೆ. ದೋಷ ಕಳೆಯಲು ಆಯುಷ್ಯದ ನೂಡಲ್ಸ್ ಮಾಡಿ ಬಡಿಸಿ ಎಂದು ಪಟ್ಟು ಹಿಡಿದು ಮೂರು ದಿನ ತಿಂದ. ಈಗಲೂ ಹಬ್ಬಕ್ಕೆ ಬಂದರೆ ಮೊದಲು ತನ್ನ ಹೆಸರಿನ ಬಣ್ಣ ನೋಡುತ್ತಾನೆ. ಊರು ನಕ್ಕಿತು, ಅತ್ತಿಗೆ ನಗಲಿಲ್ಲ. ಅಂದಿನಿಂದ ಅವರದೊಂದು ಕಟ್ಟಳೆ: ಸತ್ತದ್ದನ್ನು ಕಣ್ಣಾರೆ ಕಂಡವರು ಇಲ್ಲಿಗೆ ಬಂದು ಹೇಳಬೇಕು. ಅಲ್ಲಿಯವರೆಗೆ ಕುಂಚ ಮುಟ್ಟುವುದಿಲ್ಲ.

ಈ ಕಟ್ಟಳೆ ಅವರ ಮನೆಗೇ ತಿರುಗಿಕೊಂಡಿತು. ನಾಲ್ಕನೇ ಕೋಣೆಯಲ್ಲಿ ಕಲ್ಲುಕೆತ್ತುವ ಉಳಿಗಳ ಪೆಟ್ಟಿಗೆಯಿದೆ. ಅದರ ಕೆಳಗೆ ಹತ್ತು ವರ್ಷ ದುವಾನ್ ಶೌತ್ಯೆನ್ ಎಂಬ ಹೆಸರು ಕೆಂಪಾಗಿಯೇ ಇತ್ತು.

ಕಲ್ಲು ಕೆತ್ತುವ ಯಂತ್ರ ಬಂದ ಮೇಲೆ ದುವಾನ್‌ಗೆ ಕೆಲಸ ಇಲ್ಲವಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಚಳಿಗಾಲದಲ್ಲಿ, ಪರವಾನಗಿಯಿಲ್ಲದ ಕಲ್ಲಿದ್ದಲ ಗುಂಡಿಯೊಂದಕ್ಕೆ ಕೂಲಿಗೆ ಹೋದರು. ಚಾಂದ್ರಮಾನದ ಹನ್ನೆರಡನೇ ತಿಂಗಳ ಇಪ್ಪತ್ತಮೂರಕ್ಕೆ, ಮನೆಯ ವರ್ಷದ ಸುದ್ದಿ ಒಪ್ಪಿಸಲು ಒಲೆದೇವರನ್ನು ಸ್ವರ್ಗಕ್ಕೆ ಕಳಿಸುವ ದಿನಕ್ಕೆ, ಬಂದೇ ಬರುತ್ತೇನೆ ಅಂದಿದ್ದರು. ಬರಲಿಲ್ಲ. ಅತ್ತಿಗೆ ಹುಡುಕಿಕೊಂಡು ಹೋದಾಗ ಗುಂಡಿಯ ಬಾಯಿ ಮುಚ್ಚಿತ್ತು. ಆ ಹೆಸರಿನವನು ನಮ್ಮಲ್ಲಿ ಇರಲೇ ಇಲ್ಲ ಎಂದು ಅದರ ಒಡೆಯ ಹೇಳಿದ. ಬೇರೊಬ್ಬಳ ಜೊತೆ ಓಡಿಹೋಗಿರಬೇಕು ಎಂದು ಅವನ ಕಡೆಯವರು ನಕ್ಕರು.

ಶವವಿಲ್ಲ, ಹಾಗಾಗಿ ಸಮಾಧಿಯಿಲ್ಲ. ಯಾವ ದಿನವೆಂದು ಗೊತ್ತಿಲ್ಲ, ಹಾಗಾಗಿ ಸತ್ತವರ ದಿನಕ್ಕೆ ಸುಡುವ ಕಾಗದದ ಹಣವನ್ನು ಸುಟ್ಟದ್ದೂ ಇಲ್ಲ. ಶವದ ಬದಲು ಅಣ್ಣನ ಬಟ್ಟೆ ಹೂಳಿ ಮುಗಿಸಿಬಿಡು ಎಂದು ಮೈದುನ ಎಷ್ಟೋ ಸಲ ಜಗಳಕ್ಕೆ ಬಂದ. “ಬಟ್ಟೆ ಹೂಳಿದ್ ಮೇಲೆ ಬಾಗಿಲು ತಟ್ಟಿದ್ರೆ ಏನು ಉಡಿಸ್ಲಿ ಅಂತ ಕೇಳ್ದೆ. ಹುಚ್ಚಿ ಅಂತ ಬೈದು ಹೋದ,” ಎನ್ನುತ್ತಾರೆ ಅತ್ತಿಗೆ.

ನೆನಪಿನ ಮನೆ ಕಾಯುವ ಈ ಕೆಲಸವನ್ನು ಬೇಡಿ ಪಡೆದದ್ದು ಏಕೆಂದು ಅವರು ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಬಸ್ಸಲ್ಲಿ ಬರೋರು ಅಳೋಕೆ ಬರ್ತಾರೆ. ಅಳ್ಲಿ. ನಾನು ಆ ಪೆಟ್ಟಿಗೆ ಇಟ್ಟಿದ್ದು ಅಳೋರಿಗಲ್ಲ, ಗುರುತು ಹಿಡಿಯೋರಿಗೆ. ಇಷ್ಟು ಜನ ಬರ್ತಾರಲ್ಲ, ಒಬ್ಬನಾದ್ರೂ ಆ ಗುಂಡೀಲಿ ಇದ್ದೋನು ಬರಲ್ವಾ ಅಂತ.”

ಆ ಒಬ್ಬ ಕಳೆದ ಶರತ್ಕಾಲದಲ್ಲಿ ಬಂದ. ದಕ್ಷಿಣದ ಬೆಟ್ಟನಾಡಿನ ನಿವೃತ್ತರ ಬಸ್ಸೊಂದು ಹಳೆಯ ಹಳ್ಳಿಗಳನ್ನು ನೋಡುತ್ತ ಈ ಕಡೆ ಬಂದಿತ್ತು. ಎಪ್ಪತ್ತರ ರಾನ್ ದೆಫು ಉಳಿಗಳ ಮುಂದೆ ನಿಂತು ಕೆಳಗಿನ ಹೆಸರು ಓದಿದವನು ಅಲ್ಲೇ ಕುಸಿದು ಕುಳಿತ. ಅತ್ತಿಗೆ ನೀರು ತಂದುಕೊಟ್ಟರು. ಅವನು ಲೋಟ ಹಿಡಿಯದೆ ಅವರ ಕೈ ಹಿಡಿದುಕೊಂಡ.

“ಅಕ್ಕಾ, ಹೆಸರು ಕೆಂಪಲ್ಲಿದೆಯಲ್ಲ? ಬಂದ್ರಾ ಅವ್ರು? ಹೊರಗೆ ಬಂದ್ಬಿಟ್ರಾ?”

“ಎಲ್ಲಿಂದ ಹೊರಗೆ?” ಎಂದು ಅತ್ತಿಗೆ ಕೇಳಿದರು.

ಅತ್ತಿಗೆಗೆ ಏನೂ ಗೊತ್ತಿಲ್ಲ, ಅದಕ್ಕೇ ಹೆಸರು ಇನ್ನೂ ಕೆಂಪಾಗಿದೆ ಎಂದು ಆಗ ಅವನಿಗೆ ತಿಳಿಯಿತು. ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದ. ಹನ್ನೆರಡನೇ ತಿಂಗಳ ಇಪ್ಪತ್ತರಂದು ಸುರಂಗದ ಚಾವಣಿ ಕುಸಿಯಿತು. ಹೊರಗೆ ಹನ್ನೊಂದು ಜನ ಉಳಿದರು, ಕುಸಿದ ಕಲ್ಲುಮಣ್ಣಿನ ಒಳಬದಿಯಲ್ಲಿ ದುವಾನ್ ಒಬ್ಬರೇ. ಸುದ್ದಿ ಹೊರಬೀಳಬಾರದೆಂದು ಒಡೆಯ ಮರುದಿನವೇ ಲಾರಿಯಲ್ಲಿ ಮಣ್ಣು ತರಿಸಿ ಬಾಯಿ ಮುಚ್ಚಿಸಿದ, ಕೂಲಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿದ. ಆದರೆ ಸುರಂಗಕ್ಕೆ ಗಾಳಿ ಹಾಯಿಸುವ ಕಬ್ಬಿಣದ ಕೊಳವೆ ಕೊಟ್ಟಿಗೆಯ ಪಕ್ಕದಲ್ಲೇ ಹಾದುಹೋಗಿತ್ತು. ಅದರಲ್ಲಿ ಸುತ್ತಿಗೆಯ ಸದ್ದು ಬರುತ್ತಿತ್ತು.

“ಮೂರು ಬಡಿತ, ಆಮೇಲೆ ಸುಮ್ನೆ, ಮತ್ತೆ ಮೂರು. ಕಲ್ಲು ಕೆತ್ತೋರ ಕೈ ಅಲ್ವಾ, ಲೆಕ್ಕ ತಪ್ತಿರ್ಲಿಲ್ಲ. ನಾನು ಕೊಳವೆಗೆ ಕಿವಿ ಇಟ್ಕೊಂಡೇ ಇದ್ದೆ ಅಕ್ಕಾ. ವಾಪಸ್ ಬಡೀಲಿಲ್ಲ. ಕಾವಲಿನೋನು ಕೇಳಿಸ್ಕೋತಾನೆ ಅಂತ ಹೆದ್ರಿದೆ,” ಎಂದ ರಾನ್.

ಅತ್ತಿಗೆ ಕಿರುಚಲಿಲ್ಲ. ಒಂದೇ ಮಾತು ಕೇಳಿದರು: “ಸದ್ದು ನಿಂತಿದ್ದು ಯಾವತ್ತು?”

ಇಪ್ಪತ್ತಮೂರರ ಸಂಜೆ.

ಇದನ್ನು ನನಗೆ ಹೇಳುವಾಗ ಅತ್ತಿಗೆ ಒಲೆಯ ಮುಂದೆಯೇ ಕುಳಿತಿದ್ದಾರೆ. “ಆ ಸಂಜೆ ನಾನು ಏನ್ ಮಾಡ್ತಿದ್ದೆ ಗೊತ್ತಾ? ಒಲೆದೇವರ ಚಿತ್ರದ ಬಾಯಿಗೆ ಸಕ್ಕರೆ ಪಾಕ ಹಚ್ತಿದ್ದೆ. ಸ್ವರ್ಗಕ್ಕೆ ಹೋದ್ಮೇಲೆ ನಮ್ಮನೆ ವಿಷಯ ಒಳ್ಳೇದೇ ಹೇಳಪ್ಪ ಅಂತ. ಬಾಗಿಲು ತೆರೆದಿಟ್ಟಿದ್ದೆ. ನಮ್ಮನೆಯೋರು ಆಗ ಇನ್ನೂ ಬಡೀತಿದ್ರು.”

ಆ ರಾನ್‌ಗೆ ನಾಲ್ಕು ಬಾರಿಸಬೇಕು ಅನ್ನಿಸಲಿಲ್ಲವೇ ಎಂದು ಕೇಳುತ್ತೇನೆ.

“ಅನ್ನಿಸ್ತು. ಈಗ್ಲೂ ಅನ್ನಿಸುತ್ತೆ. ಆದ್ರೆ ಹನ್ನೊಂದು ಜನರಲ್ಲಿ ಬಾಯಿ ಬಿಟ್ಟೋನು ಅವನೊಬ್ನೇ ಕಣೇ. ನೂಡಲ್ಸ್ ಮಾಡಿ ಹಾಕ್ದೆ. ತಿನ್ನೋಕೆ ಆಗ್ಲಿಲ್ಲ ಅವನಿಗೆ. ಮುಂದೆ ಕೂರಿಸ್ಕೊಂಡು ಹೆಸರು ಕಪ್ಪು ಮಾಡ್ದೆ. ನೀನು ನೋಡ್ಬೇಕು, ಮುಖ ತಿರುಗಿಸ್ಬೇಡ ಅಂದೆ. ನೋಡ್ದ.”

ಗುಂಡಿಯ ಒಡೆಯ ಸತ್ತು ಆರು ವರ್ಷವಾಯಿತು. ಆ ಜಾಗದಲ್ಲಿ ಈಗ ಸೇಬಿನ ತೋಟವಿದೆ. ಅಗೆಸಿ ಮೂಳೆಯನ್ನಾದರೂ ಕೊಡಿಸಿ ಎಂದು ಅತ್ತಿಗೆ ಕೊಟ್ಟ ಅರ್ಜಿಗೆ ರಾನ್ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದಾನೆ. ಉತ್ತರ ಬಂದಿಲ್ಲ. ಬರುತ್ತದೆ ಎಂಬ ನಂಬಿಕೆ ನನಗಿಲ್ಲ, ಅತ್ತಿಗೆಗೂ ಇದ್ದಂತಿಲ್ಲ. ಆದರೂ ತಿಂಗಳಿಗೊಮ್ಮೆ ಪಟ್ಟಣದ ಬಸ್ಸು ಹತ್ತುತ್ತಾರೆ.

ಏಳು ಗಂಟೆ. ಕಟ್ಟೆ ಬೆಚ್ಚಗಾಗಿದೆ. ಅತ್ತಿಗೆ ಮನೆಯಿಂದ ತಂದ ನವಣೆ ಗಂಜಿಯನ್ನು ನನಗೊಂದು ಬಟ್ಟಲು ಕೊಟ್ಟು, ತಾವು ಒದ್ದೆ ಬಟ್ಟೆ ಹಿಂಡಿಕೊಂಡು ನಾಲ್ಕನೇ ಕೋಣೆಗೆ ನಡೆಯುತ್ತಾರೆ. ಉಳಿಗಳ ಕೆಳಗಿನ ಫಲಕದಲ್ಲಿ ಈಗ ಎರಡು ಹೆಸರಿವೆ, ಗಂಡನದು ಕಪ್ಪು, ಪಕ್ಕದಲ್ಲಿ ಅವರದು ಕೆಂಪು. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ, ಮೂಳೆ ಸಿಕ್ಕರೆ ಕಲ್ಲಿನ ಮೇಲೂ ಹೀಗೇ ಬರೆಯಬೇಕು, ಕೈ ನಡುಗುವ ಮೊದಲೇ ಸಿಕ್ಕರೆ ಸಾಕು ಎನ್ನುತ್ತಾರೆ.

ಗಂಡನಿಗೆ ಮೊದಲ ಸಲ ಕಾಗದ ಸುಟ್ಟದ್ದು ಈ ಚಳಿಗಾಲ, ಇಪ್ಪತ್ತಮೂರರ ಸಂಜೆ. ಅದೇ ಸಂಜೆ ಒಲೆದೇವರನ್ನೂ ಕಳಿಸಬೇಕಲ್ಲ, ಕಳಿಸಿದಿರಾ ಎಂದು ಕೇಳುತ್ತೇನೆ.

“ಕಳಿಸ್ದೆ. ಆದ್ರೆ ಈ ಸಲ ಬಾಯಿಗೆ ಸಕ್ಕರೆ ಹಚ್ಚಲಿಲ್ಲ,” ಎನ್ನುತ್ತಾರೆ ಅತ್ತಿಗೆ, ಉಳಿಗಳನ್ನು ಒಂದೊಂದಾಗಿ ಒರೆಸುತ್ತ. “ಇಲ್ಲಿ ಕಂಡಿದ್ದನ್ನ ಕಂಡ ಹಾಗೇ ಹೇಳ್ಲಿ ಅಂತ.”